ಕುರಿತಲೆ ಸೀಳದ ಮನೆ

ಬಾತಿಮಾಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಚಹಾ ಕುಡಿಯುವುದು ನಿಂತೇ. ಟ್ರಾಲಿಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳ ಜಾಗ ಬಾಗಿಲ ಹತ್ತಿರ. "ನಿನ್ನ ಕಾಲಿಗೆ ಯಾರೋ ಚಕ್ರ ಕಟ್ಟಿ ಬಿಟ್ಟಿದಾರೆ" ಎಂದು ತಾಯಿ ಕುಲ್ಪಾಶ್ ಬೈಯುತ್ತಿದ್ದಳು. ಕಟ್ಟಿದವಳು ತಾನೇ ಎಂಬುದು ಆ ಮುದುಕಿಗೆ ಹೊಳೆದಿರಲಿಲ್ಲವೋ, ಹೊಳೆದೂ ಸುಮ್ಮನಿದ್ದಳೋ, ದೇವರಿಗೇ ಗೊತ್ತು. ಬಾಗಿಲ ಸದ್ದಾದಾಗಲೆಲ್ಲ ಕತ್ತೆತ್ತಿ ನೋಡುವ ಮನೆಯಲ್ಲಿ ಬೆಳೆದ ಮಗು ಹಾಯಾಗಿ ಕೂರುವುದಾದರೂ ಹೇಗೆ?

ಅವಳ ಅಪ್ಪ ಬೈಗಾಲಿ ಯುದ್ಧಕ್ಕೆ ಹೋದದ್ದು 1942ರಲ್ಲಿ. ಆಗ ಬಾತಿಮಾಗೆ ಆರು ವರ್ಷ. ಹೋಗುವ ಮುಂಚಿನ ವಾರ ಬೇಸಿಗೆಯ ಹುಲ್ಲುಗಾವಲಿನಲ್ಲಿ ಉಣ್ಣೆಯ ಗುಡಾರ ಕಟ್ಟುತ್ತಿದ್ದ ಅಪ್ಪ ನೇಯ್ದ ಪಟ್ಟಿಯ ತುದಿಯೊಂದನ್ನು ಅವಳ ಕೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೋ, ಆ ಕಡೆಯಿಂದ ಬಂದು ಗಂಟು ಹಾಕ್ತೀನಿ" ಎಂದಿದ್ದ. ಅಪ್ಪನ ಬಗ್ಗೆ ಅವಳಿಗೆ ನೆನಪಿರುವುದು ಅಷ್ಟೇ. ಆ ವರ್ಷದ ಕೊನೆಗೆ ಬಂದ ಸರ್ಕಾರಿ ಕಾಗದದಲ್ಲಿ 'ಸುಳಿವಿಲ್ಲದೆ ಕಾಣೆಯಾಗಿದ್ದಾರೆ' ಎಂದಿತ್ತು. ಸತ್ತಿದ್ದಾರೆ ಎಂದಿರಲಿಲ್ಲ. ಕುಲ್ಪಾಶ್ ಆ ಕಾಗದವನ್ನೇ ಹಿಡಿದುಕೊಂಡಳು. ಅಕ್ಕಪಕ್ಕದ ಹೆಂಗಸರೆಲ್ಲ ಅತ್ತು, ಸತ್ತವರ ಹೆಸರಲ್ಲಿ ಊರಿಗೆ ಊಟ ಹಾಕಿ, ಕೆಲವರು ಇನ್ನೊಂದು ಮದುವೆಯನ್ನೂ ಮಾಡಿಕೊಂಡರು. ಇವಳು ಮಾತ್ರ, "ಕಾಣೆಯಾದೋರು ಸಿಕ್ತಾರೆ, ಸತ್ತೋರು ಸಿಗಲ್ಲ. ನನ್ ಗಂಡ ಕಾಣೆಯಾಗಿರೋದು" ಎಂದವಳು ಮೂವತ್ತಾರು ವರ್ಷ ಅದನ್ನೇ ಹೇಳಿಕೊಂಡು ಬಂದಳು.

ಹಾಗಾಗಿ ಆ ಮನೆಗೆ ಕುರಿಯ ತಲೆ ಬರುತ್ತಿರಲಿಲ್ಲ. ನಮ್ಮ ಕಜಕ್ ಜನರಲ್ಲಿ ಬೇಯಿಸಿದ ಕುರಿತಲೆ ತಟ್ಟೆಯಲ್ಲಿ ಬಂದರೆ ಅದಕ್ಕೆ ಚಾಕು ಹಾಕುವುದು ಮನೆಯ ಹಿರಿಯ. ತಂದೆ ಬದುಕಿರುವವನು ತಲೆಗೆ ಕೈ ಹಚ್ಚಿದರೆ ತಂದೆಯ ಸಾವನ್ನು ಬಯಸಿದ ಹಾಗೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಯಾರೂ ಎತ್ತುವುದಿಲ್ಲ, ಅವರ ಮುಂದೆ ತಲೆ ಇಡುವವರು ಯಾರು? ಆದರೆ ಗಂಡುಮಕ್ಕಳಿಲ್ಲದ ಕುಲ್ಪಾಶ್ ಆ ಕಟ್ಟಳೆಯನ್ನು ಮಗಳ ಮೇಲೇ ಹೇರಿದಳು. ಕುರಿ ಕಡಿದಾಗ ತಲೆ ಪಕ್ಕದ ಮನೆಗೆ ಹೋಗುತ್ತಿತ್ತು. ಅಲ್ಲಿ ಹಿರಿಯರು ಕಿವಿ ಕೊಯ್ದು, ಹೇಳಿದ ಮಾತು ಕೇಳಲಿ ಎಂದು ಮಕ್ಕಳಿಗೆ ಕೊಡುವಾಗ ಬಾತಿಮಾಗೂ ಒಂದು ತುಂಡು ಸಿಗುತ್ತಿತ್ತು. ಅವಳು ಅದನ್ನು ಓಡುತ್ತಲೇ ತಿಂದು ಮುಗಿಸುತ್ತಿದ್ದಳು.

ಇಂಥವಳಿಗೆ ಸಿಕ್ಕ ಕೆಲಸ ನೋಡಿ, ಕುರಿಯ ಮಿದುಳಿನದು.

ಅಲ್ಮಾ-ಅತಾದ ಒಂದು ಜೀವವಿಜ್ಞಾನ ಸಂಸ್ಥೆಯ ನೆಲಮಾಳಿಗೆಯಲ್ಲಿ ಒಂಬತ್ತು ವರ್ಷ ಗಾಜಿನ ಪಾತ್ರೆ ತೊಳೆದಳು. ಮದುವೆಯಾಗಿ ಎರಡೇ ವರ್ಷಕ್ಕೆ ತಾಯಿಯ ಮನೆಗೆ ವಾಪಸು ಬಂದವಳಿಗೆ ಅದೇ ದೊಡ್ಡದಾಗಿತ್ತು. ಆಮೇಲೆ ಸೈಲಾವ್ ಎಂಬ ವಿಜ್ಞಾನಿ ಅವಳ ಕೈಯ ಚುರುಕು ನೋಡಿ ಮೇಲಿನ ಶೀತಕೋಣೆಗೆ ಕರೆಸಿಕೊಂಡ. ಅಲ್ಲಿಗೆ ಆರು ವರ್ಷ. ಪ್ರತಿ ಮಂಗಳವಾರ ಬೆಳಿಗ್ಗೆ ಕಸಾಯಿ ಕಾರ್ಖಾನೆಯಿಂದ ಹನ್ನೆರಡು ಮಿದುಳನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿ ತರಬೇಕು. ಪೊರೆ, ರಕ್ತನಾಳ ಬಿಡಿಸಿ, ತಣ್ಣನೆಯ ದ್ರಾವಣದಲ್ಲಿ ಅರೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ ತಿಳಿಯನ್ನು ಬೇರೆ ಮಾಡಬೇಕು. ಸೈಲಾವ್‌ನ ಜೀವವೆಲ್ಲ ಆ ತಿಳಿಯಲ್ಲಿತ್ತು. ಮೈಬಿಸಿಯಷ್ಟು ಕಾಯಿಸಿದರೆ ಅದರೊಳಗಿನ ಪ್ರೋಟೀನುಗಳು ಒಂದಕ್ಕೊಂದು ಕೂಡಿ ಉದ್ದುದ್ದ ಸೂಕ್ಷ್ಮನಳಿಕೆಗಳಾಗುತ್ತವೆ. ಕಣ್ಣಿಗೆ ಕಾಣುವುದು ಮಾತ್ರ ತಿಳಿ ಮಂಕಾಗುತ್ತ ಗಂಜಿಯ ಬಣ್ಣಕ್ಕೆ ತಿರುಗುವುದು. ಮಂಜುಗಡ್ಡೆಯಲ್ಲಿಟ್ಟರೆ ನಳಿಕೆಗಳು ಬಿಚ್ಚಿಕೊಂಡು ಮತ್ತೆ ತಿಳಿ, ಕಾಯಿಸಿದರೆ ಮತ್ತೆ ಗಂಜಿ. ನಮ್ಮೆಲ್ಲರ ಮೈಯ ಜೀವಕೋಶಗಳ ಒಳಗೂ ಈ ಕಟ್ಟುವ, ಬಿಚ್ಚುವ ಕೆಲಸ ಬಿಡುವಿಲ್ಲದೆ ನಡೆಯುತ್ತದಂತೆ. ಅದನ್ನು ಕೇಳಿದ ದಿನ ಬಾತಿಮಾಗೆ ಎಷ್ಟೋ ಸಮಾಧಾನವಾಗಿತ್ತು. ಕೂತಲ್ಲಿ ಕೂರಲಾರದ್ದು ತಾನೊಬ್ಬಳೇ ಅಲ್ಲವಲ್ಲ.

ಸೈಲಾವ್ ವಿವರಿಸುತ್ತಿದ್ದದ್ದು ಹೀಗೆ: "ಗುಡಾರ ಕಟ್ಟೋದು ನೋಡಿದೀಯಲ್ಲ ಬಾತಿಮಾ? ಕೋಲುಗಳನ್ನ ರಾಶಿ ಹಾಕ್ಬಿಟ್ರೆ ಅವೇ ಎದ್ದು ನಿಲ್ತಾವಾ? ಸುತ್ತಿ ಕಟ್ಟೋಕೆ ಪಟ್ಟಿ ಬೇಕು. ಇದೂ ಹಂಗೇ. ಕೋಲಿನ ಪ್ರೋಟೀನ್ ಬೇರೆ, ಅದನ್ನ ಹಿಡಿದು ಕೂಡಿಸೋ ಪ್ರೋಟೀನ್ ಬೇರೆ. ಕೋಲು ಎಲ್ಲಾರಿಗೂ ಸಿಗುತ್ತೆ. ನಾನು ಹುಡುಕ್ತಿರೋದು ಪಟ್ಟೀನ."

ಪಟ್ಟಿ ಎಂದಾಗಲೆಲ್ಲ ಬಾತಿಮಾಳ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತಿದ್ದವು.

ಮಿದುಳು ಮುಟ್ಟುವುದಕ್ಕೆ ಕುಲ್ಪಾಶ್ ತಕರಾರು ಮಾಡಿರಲಿಲ್ಲ. ತಲೆ ಸೀಳುವುದೇ ಬೇರೆ, ಸೀಳಿದ್ದನ್ನು ತೊಳೆಯುವುದೇ ಬೇರೆ ಎಂದು ತೀರ್ಪು ಕೊಟ್ಟಿದ್ದಳು. ಸೀಳುತ್ತಿದ್ದವನು ಕಾರ್ಖಾನೆಯ ಮುದುಕ ಗೋತ್ಲಿಬ್. ಯುದ್ಧಕಾಲದಲ್ಲಿ ವೋಲ್ಗಾ ತೀರದಿಂದ ಇಲ್ಲಿಗೆ ತಂದು ಬಿಟ್ಟ ಜರ್ಮನ್ನರ ಪೈಕಿಯವನು. ತಲೆ ಮೇಜಿಗೆ ಬಂದ ಕೂಡಲೇ ಒಂದೇ ಏಟು, ಮಿದುಳು ಬಕೆಟ್ಟಿಗೆ, ಬಕೆಟ್ಟು ಗೇಟಿಗೆ. ಆರು ವರ್ಷದಲ್ಲಿ ಆ ತಿಳಿ ಒಂದು ಸಲವೂ ಕೈ ಕೊಟ್ಟಿರಲಿಲ್ಲ.

1978ರ ಮೇ ತಿಂಗಳಲ್ಲಿ ಕೈ ಕೊಟ್ಟಿತು. ಒಂದು ಮಂಗಳವಾರವಲ್ಲ, ಸಾಲಾಗಿ ಮೂರು. ಎಷ್ಟು ಕಾಯಿಸಿದರೂ ತಿಳಿ ತಿಳಿಯಾಗಿಯೇ ಇತ್ತು, ಅಳತೆಯ ಯಂತ್ರದ ಪೆನ್ನು ಕಾಗದದ ಮೇಲೆ ಚಪ್ಪಟೆ ಗೆರೆ ಎಳೆದುಕೊಂಡು ಹೋಯಿತು. ಸಾಲದ್ದಕ್ಕೆ ಮಾಸ್ಕೋದಿಂದ ತಪಾಸಣೆಯವರು ಬರುವವರಿದ್ದರು. ಕೆಲಸ ನಡೆಯುತ್ತಿದೆ ಎಂದು ತೋರಿಸದಿದ್ದರೆ ಶೀತಕೋಣೆ ಪಕ್ಕದ ವಿಭಾಗಕ್ಕೆ ಹೋಗುತ್ತದೆ, ಬಾತಿಮಾ ನೆಲಮಾಳಿಗೆಯ ತೊಟ್ಟಿಗೆ. ದ್ರಾವಣ ಬದಲಾಯಿಸಿದರು, ನೀರು ಬದಲಾಯಿಸಿದರು. ಮೂರನೆಯ ವಾರ ಸೈಲಾವ್‌ನ ತಾಳ್ಮೆ ಕೆಟ್ಟಿತು.

"ನಿಜ ಹೇಳು ಬಾತಿಮಾ. ಬೆಳಿಗ್ಗೆ ಎದ್ದು ಹೋಗೋಕೆ ಬೇಜಾರಾಗಿ ಮಾರ್ಕೆಟ್ಟಿಂದ ಹಿಂದಿನ ದಿನದ್ದು ತರ್ತಿದೀಯಾ?"

"ಅಗಾಯ್!" ದೊಡ್ಡವರನ್ನು ಅಣ್ಣಾ ಎನ್ನುವ ಹಾಗೆ ಅವಳು ಅವನನ್ನು ಕರೆಯುತ್ತಿದ್ದದ್ದು ಹಾಗೆ.

"ಮತ್ತೆ ಏನು? ಯಂತ್ರ ಅದೇ, ನಾನು ಅವನೇ. ಉಳಿದಿರೋದು ನಿನ್ನ ಬಕೆಟ್ಟು."

ಅವಳು ತೊಟ್ಟಿಯ ಕಡೆ ತಿರುಗಿಕೊಂಡಳು. ಕಣ್ಣು ತುಂಬಿದ್ದನ್ನು ಅವನು ನೋಡಬಾರದೆಂದು ತೊಳೆದಿಟ್ಟ ಬೀಕರುಗಳನ್ನೇ ಮತ್ತೆ ತೊಳೆಯಲು ಶುರು ಮಾಡಿದಳು. ಒಳ್ಳೆಯವನೇ ಸೈಲಾವ್, ಇಲ್ಲವೆನ್ನುವುದಿಲ್ಲ. ಆದರೆ ಓದಿದವರಿಗೆ ಕಷ್ಟ ಬಂದಾಗ ಮೊದಲು ನೆನಪಾಗುವುದು ಓದದವರ ತಪ್ಪು.

ಸೋಮವಾರ ಅವನು ಮೂರೂ ವಾರದ ಮಾಲನ್ನು ಜೆಲ್ಲಿಯ ಹಾಳೆಯ ಮೇಲೆ ಓಡಿಸಿ ನೀಲಿ ಬಣ್ಣ ಕೊಟ್ಟ. ಪ್ರೋಟೀನುಗಳು ಗಾತ್ರಕ್ಕೆ ತಕ್ಕಂತೆ ಗೆರೆಗೆರೆಯಾಗಿ ನಿಲ್ಲುವ ಹಾಳೆ ಅದು. ಬಾತಿಮಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿಳಿ ಕೈ ಕೊಡುವ ಮುಂಚಿನ ಹಳೆಯ ಹಾಳೆಯ ಪಕ್ಕಕ್ಕಿಟ್ಟು ನೋಡಿದಳು.

"ಅಗಾಯ್, ಮಧ್ಯದ ದಪ್ಪ ಗೆರೆ ಎರಡರಲ್ಲೂ ಇದೆ. ಅದು ಕೋಲು ತಾನೆ?"

"ಹೌದು."

"ಮೇಲಿನ ಗೆರೆ ಹೊಸದರಲ್ಲಿ ಇಲ್ವೇ ಇಲ್ಲ. ಕೆಳಗಡೆ ಬರೀ ಚೂರು ಚೂರು."

ಸೈಲಾವ್ ಕನ್ನಡಕ ಹಣೆಗೇರಿಸಿ ಹತ್ತಿರ ಬಂದ. ಬಹಳ ಹೊತ್ತು ನೋಡಿದ. "ಪಟ್ಟಿ ಹೋಗಿದೆ. ಮಿದುಳು ಬೆಚ್ಚಗೆ ಬಿದ್ದಿದ್ರೆ ಅದರೊಳಗಿನ ರಸಾನೇ ಮೊದಲು ಪಟ್ಟೀನ ಕತ್ತರಿಸಿ ಹಾಕುತ್ತೆ. ಕೋಲು ತಡ್ಕೊಳ್ಳುತ್ತೆ, ಪಟ್ಟಿ ತಡ್ಕೊಳ್ಳಲ್ಲ. ಎಲ್ಲೋ ಒಂದು ಗಂಟೆ ಬೆಚ್ಚಗಿತ್ತು ಇದು."

"ನನ್ನ ಬಕೆಟ್ಟಲ್ಲಿ ಅಲ್ಲ."

"ಹಂಗಾದ್ರೆ ಎಲ್ಲಿ?"

ಅದು ಅವಳಿಗೂ ಗೊತ್ತಿರಲಿಲ್ಲ. ತಪಾಸಣೆ ಗುರುವಾರ, ನಡುವೆ ಉಳಿದದ್ದು ಒಂದೇ ಮಂಗಳವಾರ.

ಆ ಮಂಗಳವಾರ ಅವಳು ಗೇಟಿನಲ್ಲಿ ಕಾಯಲಿಲ್ಲ. ಆರು ಗಂಟೆಗೆ, ಕಡಿಯುವ ಸಾಲು ಶುರುವಾಗುವಷ್ಟರಲ್ಲಿ, ಬಕೆಟ್ಟು ಹಿಡಿದು ನೇರ ತಲೆಗಳ ಕೋಣೆಗೆ ನುಗ್ಗಿದಳು. ಗೋತ್ಲಿಬ್ ತಿಂಗಳ ಹಿಂದೆ ನಿವೃತ್ತನಾಗಿದ್ದ. ಆ ಮೇಜಿಗೆ ಈಗ ಕೈಸಾರ್ ಬಂದಿದ್ದ. ಮೂವತ್ತೆಂಟರ ಆಳು, ಮೂರು ಮಕ್ಕಳ ತಂದೆ, ಬಾಗಿಲು ತುಂಬುವಂಥ ಭುಜ. ಆವಿಯ ಕೊಳವೆಯ ಪಕ್ಕದ ಮೇಜಿನ ಮೇಲೆ ತಲೆಗಳು ಒಂದರ ಪಕ್ಕ ಒಂದು ಬಂದು ಕೂರುತ್ತಿದ್ದವು. ಅವನು ಅವನ್ನು ಸಾಲಾಗಿ ಜೋಡಿಸಿ ಕೈ ಕಟ್ಟಿ ನಿಂತಿದ್ದ.

"ಏನು ಕೈಸಾರ್, ಫೋಟೋ ತೆಗೆಸ್ತಿದೀಯಾ ಇವಕ್ಕೆ? ಸೀಳು ಬೇಗ."

"ಓ, ಆಪಾಯ್! ಇಷ್ಟ್ ಬೇಗ?" ಅಕ್ಕನೆಂದು ಕರೆದವನ ಮುಖ ಕೆಂಪಾಯಿತು. "ಉಗ್ರಾಣದ ಅಬಿಶ್ ಅಜ್ಜ ಬರ್ಲಿ."

"ಅವರ್ಯಾಕೆ? ಕೊಡಲಿ ನಿನ್ ಪಕ್ಕದಲ್ಲೇ ಇದೆಯಲ್ಲ."

"ಕೊಡಲಿ ಇದೆ. ನಮ್ಮಪ್ಪಾನೂ ಇದಾನೆ."

ಬಾತಿಮಾ ಬಕೆಟ್ಟನ್ನು ಕೆಳಗಿಟ್ಟಳು.

"ಎಂಬತ್ನಾಲ್ಕು ವರ್ಷ ಆಪಾಯ್," ಎಂದ ಕೈಸಾರ್, ತಪ್ಪೊಪ್ಪಿಕೊಳ್ಳುವವನ ಹಾಗೆ. "ಇವತ್ತು ಬೆಳಿಗ್ಗೆ ಕೂಡ ಬೂಟು ಒರೆಸ್ಕೊಂಡು ಹೋಗು ಕತ್ತೆ ಅಂತ ಬೈದ. ಇರ್ಲಿ, ಬೈತಾ ಇರ್ಲಿ. ಇಲ್ಲಿ ಮೇಲಿನೋರಿಗೆ ಹೇಳಿದ್ರೆ ನಗ್ತಾರೆ, ಅದಕ್ಕೇ ಯಾರಿಗೂ ಹೇಳಿಲ್ಲ. ಅಬಿಶ್ ಅಜ್ಜಂಗೆ ಅಪ್ಪ ಇಲ್ಲ, ಚಹಾ ಮುಗಿಸಿ ಏಳೂವರೆಗೆ ಬಂದು ಸೀಳ್ಕೊಡ್ತಾರೆ. ಗೋತ್ಲಿಬ್ ತಾತಂಗೆ ಇದೆಲ್ಲ ಇರ್ಲಿಲ್ಲ, ಅವರು ಬೇರೆ ಜನ. ಒಂದೂವರೆ ಗಂಟೆ ತಡ ಆದ್ರೆ ಏನಾಗುತ್ತೆ? ಮಿದುಳು ಎಲ್ಲಿಗ್ ಓಡೋಗುತ್ತೆ?"

ಮೂರು ವಾರ ಕಳ್ಳಿಯ ಪಟ್ಟ ಹೊತ್ತದ್ದು ಇದಕ್ಕೆ! ಬೇರೆ ಯಾರಾದರೂ ಆಗಿದ್ದರೆ ಅವನ ಚಳಿ ಬಿಡಿಸುತ್ತಿದ್ದರು. ಬಾತಿಮಾ ಬೈಯಲಿಲ್ಲ. ಇವನನ್ನು ಬೈಯಲು ಭೂಮಿಯ ಮೇಲೆ ಹಕ್ಕಿಲ್ಲದವರು ಯಾರಾದರೂ ಇದ್ದರೆ ಅದು ತಾನೇ. ಅವಳು ಮೇಜಿನ ಈ ತುದಿಯಿಂದ ಆ ತುದಿಗೆ ನಡೆದಳು, ಮತ್ತೆ ಈ ತುದಿಗೆ ಬಂದಳು. ತಲೆಗಳಿಂದ ಸಣ್ಣಗೆ ಹಬೆ ಏಳುತ್ತಿತ್ತು. ಪಟ್ಟಿ ಕತ್ತರಿಸುವ ರಸ ಒಳಗೆ ಆಗಲೇ ಕೆಲಸಕ್ಕಿಳಿದಿರುತ್ತದೆ.

"ಸಾಲಿನಿಂದ ಯಾರನ್ನಾದ್ರೂ ಕರಿ."

"ಯಾರೂ ಬರೋ ಹಂಗಿಲ್ಲ ಆಪಾಯ್, ಕೈ ಬಿಟ್ರೆ ಸಾಲು ನಿಲ್ಲುತ್ತೆ." ಕೈಸಾರ್ ಅವಳ ಪರದಾಟ ನೋಡಿ ಮೆತ್ತಗಾದ. "ಅಷ್ಟೊಂದು ಅರ್ಜೆಂಟಿದ್ರೆ ನೀವೇ ಸೀಳ್ಬಿಡಿ. ನಾನು ಮುಖ ಆ ಕಡೆ ಮಾಡ್ಕೋತೀನಿ." ಆಮೇಲೆ, ಮರ್ಯಾದೆಗೆಂದು ಕೇಳಬೇಕಾದದ್ದನ್ನು ಕೇಳಿದ: "ನಿಮ್ಮಪ್ಪ ಇದಾರಾ?"

ಈ ಪ್ರಶ್ನೆಗೆ ಅವಳ ಬಳಿ ಉತ್ತರ ಸಿದ್ಧವಿತ್ತು. 'ಇದಾರೆ, ಬರ್ತಾರೆ.' ಶಾಲೆಯಲ್ಲಿ ಹೇಳಿದ್ದಳು, ಮದುವೆಯ ಮನೆಯಲ್ಲಿ ಹೇಳಿದ್ದಳು. ಈಗಲೂ ಹೇಳಿ ಏಳೂವರೆಯವರೆಗೆ ಕಾಯಬಹುದಿತ್ತು. ಕಾದರೆ ತಿಳಿ ತಿಳಿಯಾಗಿಯೇ ಇರುತ್ತದೆ, ಬಕೆಟ್ಟಿನ ಮೇಲಿನ ಅನುಮಾನ ಬಕೆಟ್ಟಿನ ಮೇಲೆಯೇ ಉಳಿಯುತ್ತದೆ, ಅಪ್ಪ ಬದುಕಿರುತ್ತಾನೆ. ಗೋಡೆಯ ಗಡಿಯಾರದಲ್ಲಿ ಆರು ಹದಿನಾಲ್ಕು. ಅಪ್ಪ ಇದ್ದಿದ್ದರೆ ಅರವತ್ತಾರು ತುಂಬುತ್ತಿತ್ತು. 'ಇದ್ದಿದ್ದರೆ' ಎಂದು ತಾನು ಎಷ್ಟೋ ವರ್ಷಗಳಿಂದ ಲೆಕ್ಕ ಹಾಕುತ್ತಿರುವುದು ಅವಳಿಗೆ ಆಗ ಹೊಳೆಯಿತು.

"ಇಲ್ಲ," ಎಂದಳು ಬಾತಿಮಾ. "ನಮ್ಮಪ್ಪ ಇಲ್ಲ. ಯುದ್ಧದಲ್ಲಿ ತೀರ್ಕೊಂಡ್ರು. ಕೊಡಲಿ ಕೊಡು."

ಕೈಸಾರ್ ಮುಖಕ್ಕೆ ಅಂಗೈ ಸವರಿ ಅಪ್ಪನ ಆತ್ಮಕ್ಕೆ ಒಳ್ಳೆಯದಾಗಲಿ ಎಂದ. ಅವಳ ಅಪ್ಪನಿಗಾಗಿ ಯಾರಾದರೂ ಅವಳೆದುರು ಹಾಗೆ ಮುಖ ಸವರಿಕೊಂಡದ್ದು ಅದೇ ಮೊದಲು. ಬಿಸ್ಮಿಲ್ಲಾ ಎಂದು ಬಾತಿಮಾ ಹಾಕಿದ ಮೊದಲ ಏಟು ಜಾರಿ ಮೇಜಿಗೆ ಬಿತ್ತು. ಎರಡನೆಯದು ಸರಿಯಾಗಿ ಬಿತ್ತು. ಆಮೇಲೆ ಅವಳು ನಿಲ್ಲಲಿಲ್ಲ. ಹನ್ನೆರಡು ತಲೆ ಮುಗಿಯುವಾಗ ಕಣ್ಣಿಂದ ನೀರು ಇಳಿದು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅವತ್ತು ಮಧ್ಯಾಹ್ನ ತಿಳಿಯನ್ನು ಬಿಸಿನೀರಿನಲ್ಲಿಟ್ಟ ಮೂರನೆಯ ನಿಮಿಷಕ್ಕೆ ಪೆನ್ನು ಒಮ್ಮೆ ಅಲುಗಿತು, ಆಮೇಲೆ ಗುಡ್ಡ ಹತ್ತುವಂತೆ ಹತ್ತತೊಡಗಿತು. ಗಾಜಿನ ನಳಿಕೆಯೊಳಗೆ ತಿಳಿ ಮಂಕಾಗಿ, ಬಿಳಿಯಾಗಿ, ಗಂಜಿಯಾಯಿತು. "ಪಟ್ಟಿ ಬಂತು! ಪಟ್ಟಿ ಬಂತು!" ಎಂದು ಸೈಲಾವ್ ಕೂಗಿಕೊಂಡ. ಆಮೇಲೆ ಅವಳ ಕಡೆ ತಿರುಗಿ, ಮುಖ ಸಣ್ಣದು ಮಾಡಿಕೊಂಡು, "ಬಾತಿಮಾ, ಅವತ್ತು ನಾನು ಆಡಿದ ಮಾತು..." ಎಂದ.

"ಇರ್ಲಿ ಬಿಡಿ ಅಗಾಯ್."

"ಏನ್ ಮಾಡಿದೆ?"

"ಬೇಗ ತಂದೆ, ಅಷ್ಟೇ."

ಗುರುವಾರ ತಪಾಸಣೆಯವರು ಪೆನ್ನು ಏರುವುದನ್ನು ನೋಡಿ ತಲೆಯಾಡಿಸಿ, ಸೇಬು ತಿಂದು ಹೋದರು. ಶೀತಕೋಣೆ ಉಳಿಯಿತು. ಬಾತಿಮಾಗೆ ಅದರ ಖುಷಿ ಹತ್ತಲಿಲ್ಲ. ಮಂಗಳವಾರದಿಂದ ಅವಳು ತಾಯಿಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದಳು. ಟ್ರಾಲಿಬಸ್ಸಿನಲ್ಲಿ ಎರಡು ನಿಲ್ದಾಣ ಮುಂದೆ ಹೋಗಿ ಕಾಲುವೆಯ ಪಕ್ಕ ನಡೆದು ಬರುತ್ತಿದ್ದಳು. ಬ್ರೆಡ್ಡು ಮನೆಯಲ್ಲಿದ್ದರೂ ಬ್ರೆಡ್ಡಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. ಗುರುವಾರ ಸಂಜೆ, ಚಹಾದ ಬಟ್ಟಲು ಹಿಡಿದು ಕಿಟಕಿಗೂ ಬಾಗಿಲಿಗೂ ನಡುವೆ ತಿರುಗುತ್ತಿದ್ದವಳನ್ನು ನೋಡಿ ಕುಲ್ಪಾಶ್ ರೇಗಿದಳು.

"ಕೂತ್ಕೊಳ್ಳೇ! ನಿನ್ನ ನೋಡಿ ನಂಗೆ ತಲೆ ಸುತ್ತುತ್ತೆ. ಏನಾಗಿದೆ ನಿಂಗೆ?"

"ಅಮ್ಮಾ, ನಾನು ಕುರಿತಲೆ ಸೀಳಿದೆ."

ಮುದುಕಿಯ ಕೈಯಲ್ಲಿದ್ದ ಬೌರ್ಸಾಕ್, ಕರಿದ ಹಿಟ್ಟಿನುಂಡೆ, ತಟ್ಟೆಗೆ ಬಿತ್ತು. "ಎಷ್ಟು?"

"ಹನ್ನೆರಡು."

"ಹನ್ನೆರಡು ಸಲ ಕೊಂದ್ಯಾ ನಿಮ್ಮಪ್ಪನ್ನ?"

ಬಾತಿಮಾಗೂ ಸಿಟ್ಟು ನೆತ್ತಿಗೇರಿತು. ನಲವತ್ತೆರಡು ವರ್ಷದಲ್ಲಿ ಮೊದಲ ಸಲ ತಾಯಿಯೆದುರು ದನಿ ಎತ್ತಿದಳು. "ನಾನು ಕೊಲ್ಲಲಿಲ್ಲಮ್ಮಾ. ಅಪ್ಪ ಸತ್ತು ಮೂವತ್ತಾರು ವರ್ಷ ಆಯ್ತು. ಒಂದು ಹಿಡಿ ಅನ್ನ ಅವರ ಹೆಸರಲ್ಲಿ ಯಾರಿಗೂ ಹಾಕಲಿಲ್ಲ. ಒಂದ್ ಸಲ ಕೂತು ಅಳೋಕೆ ಬಿಡಲಿಲ್ಲ ನೀನು ನನ್ನ. ಅವರು ಕೊಟ್ಟ ಪಟ್ಟಿ ತುದಿ ಹಿಡ್ಕೊಂಡು ಇವತ್ತಿಗೂ ನಿಂತೇ ಇದೀನಿ ನಾನು!"

ಕುಲ್ಪಾಶ್ ಎದ್ದು ಒಳಗೆ ಹೋದಳು. ಶುಕ್ರವಾರವೂ ಶನಿವಾರವೂ ಒಲೆಯ ಮೇಲೆ ಅಡುಗೆ ಇರುತ್ತಿತ್ತು, ಅಡುಗೆ ಮಾಡಿದವಳು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಬಾತಿಮಾ ತೊಳೆದ ನೆಲವನ್ನೇ ತೊಳೆದಳು. ಮೊದಲು ತಾನು ಆಡಿದ್ದು ಹೆಚ್ಚಾಯಿತೆಂದು ಅನ್ನಿಸಿತು, ಆಮೇಲೆ ಕಡಿಮೆಯಾಯಿತೆಂದು.

ಭಾನುವಾರ ಬೆಳಿಗ್ಗೆ ಎದ್ದಾಗ ತಾಯಿ ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ಹೊರಡಬೇಕೆನ್ನುವಷ್ಟರಲ್ಲಿ ಅಂಗಳದಿಂದ ಕೂದಲು ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಕುಲ್ಪಾಶ್ ಬೆಂಕಿಯೆದುರು ಕುಕ್ಕರಗಾಲಲ್ಲಿ ಕೂತು ಕುರಿತಲೆಯೊಂದನ್ನು ಸುಡುತ್ತಿದ್ದಳು. ಚಾಕುವಿನಿಂದ ಕರಿ ಕೆರೆದು ತೆಗೆಯುತ್ತಿದ್ದ ಕೈಗಳು ಮೊಣಕೈವರೆಗೆ ಮಸಿಯಾಗಿದ್ದವು. ಆ ವಯಸ್ಸಿನಲ್ಲಿ ಎರಡು ಬಸ್ಸು ಬದಲಾಯಿಸಿ ಮಾರ್ಕೆಟ್ಟಿಗೆ ಹೋಗಿ ಬಂದಿದ್ದಳು.

"ನೋಡ್ತಾ ನಿಂತ್ಕೋಬೇಡ. ಪಕ್ಕದ ಮನೆಯೋರನ್ನ ಮಧ್ಯಾಹ್ನ ಊಟಕ್ಕೆ ಕರಿ. ನಿಮ್ಮಪ್ಪನ ಊಟ ಅಂತ ಹೇಳು."

ಮಧ್ಯಾಹ್ನ ಪಕ್ಕದ ಮನೆಯ ಮುದುಕ ಪ್ರಾರ್ಥನೆ ಹೇಳಿದ. ಎಲ್ಲರೂ ಮುಖಕ್ಕೆ ಅಂಗೈ ಸವರಿಕೊಂಡರು. ಕುಲ್ಪಾಶ್ ಬೇಯಿಸಿದ ತಲೆಯ ತಟ್ಟೆ ತಂದಳು. ಮುದುಕ ತನ್ನ ಮುಂದೆ ಇಡುತ್ತಾಳೆಂದು ತೋಳು ಸರಿಸಿಕೊಂಡು ತಯಾರಾದ. ಅವಳು ಅವನನ್ನು ದಾಟಿ ಬಂದು, ತಟ್ಟೆಯನ್ನು ಮಗಳ ಮುಂದಿಟ್ಟು, ಮೂತಿಯನ್ನು ಅವಳ ಕಡೆ ತಿರುಗಿಸಿ, ಚಾಕು ಕೊಟ್ಟಳು.

"ಬೈಗಾಲಿ ಮನೆಗೆ ಈಗ ಇವಳೇ ಹಿರಿಯೋಳು," ಎಂದಳು.

ಮುದುಕ ಕುಲ್ಪಾಶಳ ಮುಖ ನೋಡಿ, ಸರಿಸಿದ್ದ ತೋಳನ್ನು ಮತ್ತೆ ಇಳಿಸಿಕೊಂಡ. ಬಾತಿಮಾ ನೆಲಕ್ಕೆ ಹಾಸಿದ್ದ ಕಂಬಳಿಯ ಮೇಲೆ ಕಾಲು ಮಡಚಿ ಕೂತಳು. ಒಂದು ಕಿವಿ ಕೊಯ್ದು, ಯಾವ ಮಗುವಿಗೆ ಕೊಡಲಿ ಎಂದು ಪಕ್ಕದ ಮನೆಯ ಮೊಮ್ಮಕ್ಕಳ ಕಡೆ ನೋಡಿದಳು. ಆಗ ಪಕ್ಕದಿಂದ ಮಸಿ ಇನ್ನೂ ಪೂರ್ತಿ ಹೋಗದ ಒಂದು ಅಂಗೈ ಮುಂದೆ ಬಂತು.

"ಅದನ್ನ ಇಲ್ಲಿ ಕೊಡು," ಎಂದಳು ಕುಲ್ಪಾಶ್. "ಮೂವತ್ತಾರು ವರ್ಷ ಊರೆಲ್ಲಾ ಹೇಳ್ತು. ಕೇಳದೆ ಇದ್ದೋಳು ನಾನೇ."